ಸೀಸದ ಮುದ್ರೆ

"ಇದು ನನ್ನ ಗಂಡಂದು," ಎಂದು ದೆಸ್ಪಿನಾ ಗೀರುಗಳಿದ್ದ ಒಂದು ಮರದ ಕೋಲನ್ನು ಸ್ವಿಲೆನ್‌ನ ಮೇಜಿನ ಮೇಲಿಟ್ಟಳು. "ಇಪ್ಪತ್ತಾರು ವರ್ಷ ಇದನ್ನೇ ಟ್ಯಾಂಕಿಗೆ ಇಳಿಸಿ ಡೀಸೆಲ್ ನೋಡ್ತಿದ್ದ. ನೀವು ಮಾಡಿದ ಡೀಸೆಲ್ ಅಳೆಯೋ ಪ್ರೋಬ್ ಬಂತು ನೋಡಿ, ದೋಣಿ ಸಾಹುಕಾರ ಟ್ಯಾಂಕಿನ ಬಾಯಿಗೂ ತಳದ ನಲ್ಲಿಗೂ ಸೀಸದ ಮುದ್ರೆ ಒತ್ತಿಸಿಬಿಟ್ಟ. ಯಾರೂ ಕದೀಬಾರ್ದು ಅಂತ. ಕೋಲು ಮನೇಲಿ ಮೂಲೆ ಸೇರ್ತು."

ಸ್ವಿಲೆನ್‌ಗೆ ಅವಳು ಯಾರೆಂದು ಆಗ ಹೊಳೆಯಿತು. ಬುರ್ಗಾಸಿನ ಬಂದರಿನಲ್ಲಿ ಅವಳ ಗಂಡ ಕಿರ್ಯಾಕನ ಸುದ್ದಿ ಗೊತ್ತಿಲ್ಲದವರು ಯಾರು? ಈಶಾನ್ಯದ ಗಾಳಿ ಎದ್ದ ದಿನ ಅವನು ನಡೆಸುತ್ತಿದ್ದ ಮೀನುದೋಣಿಯ ಎಂಜಿನ್ ನಡುಸಮುದ್ರದಲ್ಲಿ ನಿಂತಿತು. "ಟ್ಯಾಂಕು ಒಣಗಿದೆ" ಎಂದು ರೇಡಿಯೋದಲ್ಲಿ ಕೂಗಿದ್ದೇ ಕೊನೆ, ದೋಣಿ ಬಂಡೆಗೆ ಬಡಿದು ಪುಡಿಯಾಯಿತು. ಆದರೆ ಬಂದರು ಬಿಡುವಾಗ ಪ್ರೋಬಿನ ಪರದೆ ತೋರಿಸಿದ್ದು 'ತುಂಬಿದೆ' ಎಂದು. ಹಾಗಾದರೆ ಡೀಸೆಲ್ ಏನಾಯಿತು? ಇನ್ನೊಂದು ದೋಣಿಗೆ ಮಾರಿಕೊಂಡಿದ್ದಾನೆ ಎಂದ ಸಾಹುಕಾರ. ಊರೂ ಅದನ್ನೇ ಅಂದಿತು. ಸತ್ತವನು ಎದ್ದುಬಂದು ಇಲ್ಲ ಅನ್ನುವುದುಂಟೇ?

"ಬಂದರಿನ ಗೋಡೆಗೆ ಅವನ ಫೋಟೋ ಹಾಕಿದ ಸಾವಿನ ಚೀಟಿ ಅಂಟಿಸಿದ್ದೆ," ಎಂದಳು ದೆಸ್ಪಿನಾ. "ಅದರ ಮೇಲೆ ಇದ್ದಿಲಲ್ಲಿ ಕಳ್ಳ ಅಂತ ಬರೆದಿದಾರೆ. ನಲವತ್ತನೇ ದಿನ ಅವನ ಹೆಸರಲ್ಲಿ ಬೇಯಿಸಿದ ಗೋಧಿ ಹಂಚೋಕೆ ಹೋದ್ರೆ ಒಬ್ರೂ ಕೈ ಚಾಚಲಿಲ್ಲ. ನನಗೆ ಬೇರೇನೂ ಬೇಡ ಸ್ವಾಮಿ. ನಿಮ್ಮ ಪ್ರೋಬ್ ಒಂದು ಸಲವಾದ್ರೂ ತಪ್ಪು ಹೇಳತ್ತಾ ಅಂತ ಕಣ್ಣಾರೆ ನೋಡ್ಬೇಕು."

ಕಾರ್ಖಾನೆಯ ಮಾಲೀಕ ಬೊಜ್ಕೋವ್ ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದ. "ತೋರ್ಸಯ್ಯ, ಅದಕ್ಕೇನಂತೆ," ಎಂದ. "ಅಕ್ಕನ ಮನಸ್ಸಿಗೂ ಸಮಾಧಾನ ಆಗ್ಲಿ."

ಸ್ವಿಲೆನ್ ಉದ್ದನೆಯ ಗಾಜಿನ ಜಾಡಿಗೆ ಡೀಸೆಲ್ ಸುರಿದು ಪ್ರೋಬನ್ನು ಇಳಿಸಿದ. ಒಂದರೊಳಗೊಂದು ಇಟ್ಟ ಎರಡು ಕೊಳವೆ, ಅಷ್ಟೇ ಅದು. ನಡುವಿನ ಸಂದಿಯಲ್ಲಿ ಡೀಸೆಲ್ ಏರಿದಷ್ಟೂ ಅದು ಹಿಡಿದಿಡುವ ವಿದ್ಯುತ್ತು ಹೆಚ್ಚುತ್ತದೆ, ಪರದೆಯ ಅಂಕಿ ಮೇಲೇರುತ್ತದೆ. ಇಪ್ಪತ್ತು ಎಂದಿತು. ಇನ್ನಷ್ಟು ಸುರಿದಾಗ ಐವತ್ತು ಎಂದಿತು. ದೆಸ್ಪಿನಾ ತನ್ನ ಕೋಲನ್ನೂ ಜಾಡಿಗಿಳಿಸಿ, ಒದ್ದೆಯಾದ ಕಡೆ ಉಗುರೊತ್ತಿ, ಪ್ರೋಬಿನ ಪಕ್ಕ ಹಿಡಿದು ನೋಡಿದಳು. ಎರಡೂ ಒಂದೇ ಮಾತು ಹೇಳುತ್ತಿದ್ದವು. ಅವಳ ಮುಖ ಇಳಿಯಿತು.

ಮೇಜಿನ ಮೇಲೆ ಸ್ವಿಲೆನ್ ಕುಡಿಯಲು ಇಟ್ಟುಕೊಂಡಿದ್ದ ನೀರಿನ ಲೋಟವಿತ್ತು. ಪ್ರೋಬ್ ಸುಳ್ಳು ಹೇಳಲು ಅದರಿಂದ ಎರಡು ಚಮಚ ಸಾಕಿತ್ತು. ಸಮುದ್ರದ ದೋಣಿಯ ಟ್ಯಾಂಕು ಒಳಗೇ ಬೆವರುತ್ತದೆ, ಆ ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಹೋಗಿ ಕೂರುತ್ತದೆ. ಕಿರ್ಯಾಕನಂಥ ಹಳಬರು ದಿನಾ ಬೆಳಿಗ್ಗೆ ತಳದ ನಲ್ಲಿ ತಿರುಗಿಸಿ ಅದನ್ನು ಚೆಲ್ಲುತ್ತಿದ್ದರು. ನಲ್ಲಿಗೆ ಮುದ್ರೆ ಬಿದ್ದ ಮೇಲೆ ಚೆಲ್ಲುವವರಾರು? ಆ ನೀರು ಕೊಳವೆಗಳ ತುದಿಗೆ ಮುಟ್ಟಿತೋ, ಪರದೆಯ ಅಂಕಿ ನೂರು ದಾಟಿ ಎಲ್ಲಿಗೋ ಹಾರುತ್ತದೆ. ಹಾಗಾದಾಗ 'ದೋಷ' ಎಂದು ತೋರಿಸುವಂತೆ ಸ್ವಿಲೆನ್ ಮೊದಲು ಮಾಡಿದ್ದ. ದೋಣಿ ಸಾಹುಕಾರರು ಫೋನಿನ ಮೇಲೆ ಫೋನು ಮಾಡಿ ಬೈದರು. "ದೋಷ ಗೀಷ ತೆಗೆದು ಹಾಕು, ನೂರು ದಾಟಿದ್ರೆ ನೂರು ಅಂತಲೇ ತೋರ್ಸು," ಎಂದಿದ್ದ ಬೊಜ್ಕೋವ್. ಒಂದೇ ಸಾಲಿನ ಕೆಲಸ. ಊಟಕ್ಕೆ ಮುಂಚೆ ಸ್ವಿಲೆನ್ ಮುಗಿಸಿದ್ದ.

ಬೊಜ್ಕೋವ್ ಬಂದು, ಕಾಫಿ ಇಡಲು ಜಾಗ ಮಾಡುವವನಂತೆ, ನೀರಿನ ಲೋಟವನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಸ್ವಿಲೆನ್ ನೋಡಿದ. ಬೊಜ್ಕೋವ್‌ಗೂ ಎಲ್ಲ ಗೊತ್ತಿದೆ ಎಂದು ಅವನಿಗೆ ಆಗ ಖಾತ್ರಿಯಾಯಿತು. ಇನ್ನೂರು ದೋಣಿಗಳಲ್ಲಿ ಇದೇ ಪ್ರೋಬ್ ಇದೆ, ಕಾರ್ಖಾನೆ ಮುಚ್ಚಿದರೆ ತನ್ನ ಗತಿಯೇನು ಎಂದೂ ಅನ್ನಿಸಿತು. ಪ್ರೋಬನ್ನು ಜಾಡಿಯಿಂದ ಎತ್ತಿ ಬಟ್ಟೆಯಿಂದ ಒರೆಸತೊಡಗಿದ.

"ಆಯ್ತಲ್ಲ ಅಕ್ಕ?" ಎಂದ ಬೊಜ್ಕೋವ್.

"ಆಯ್ತು," ಎಂದಳು. ಕೋಲನ್ನು ತನ್ನ ಕಪ್ಪು ಉಡುಪಿನ ಅಂಚಿನಿಂದಲೇ ಒರೆಸಿದಳು. "ಹಾಗಾದ್ರೆ ಕದ್ದಿದ್ದೇ ನಿಜ. ನಾನು ಸುಮ್ನೆ ಊರೋರನ್ನ ಬೈದೆ."

ಮಧ್ಯಾಹ್ನವೆಲ್ಲ ಸ್ವಿಲೆನ್‌ಗೆ ಕೆಲಸ ಸಾಗಲಿಲ್ಲ. ಐದು ಗಂಟೆಗೆ ಜಾಡಿ, ಪ್ರೋಬ್, ಒಂದು ಬಾಟಲಿ ನೀರು ಚೀಲಕ್ಕೆ ಹಾಕಿಕೊಂಡು ಬಂದರಿಗೆ ನಡೆದ. ಸತ್ತವರ ಚೀಟಿಗಳ ಗೋಡೆಯ ಮುಂದೆ ದೆಸ್ಪಿನಾ ನಿಂತಿದ್ದಳು. ಮೀನಿನ ಹುರುಪೆ ತೆಗೆಯುವ ಚಾಕುವಿನಿಂದ ಕಿರ್ಯಾಕನ ಚೀಟಿಯನ್ನು ಕೆರೆಯುತ್ತಿದ್ದಳು. ಫೋಟೋದಲ್ಲಿ ಗಡ್ಡ, ಬಾಯಿ ಆಗಲೇ ಹೋಗಿದ್ದವು.

"ಅಕ್ಕಾ, ಅದನ್ನ ಬಿಡಿ. ಅವರು ಕದ್ದಿಲ್ಲ," ಎಂದ ಸ್ವಿಲೆನ್. "ತಳದಲ್ಲಿ ನೀರು ನಿಂತ್ರೆ ನನ್ನ ಪ್ರೋಬ್ ತುಂಬಿದೆ ಅಂತ ಹೇಳತ್ತೆ. ಟ್ಯಾಂಕು ಖಾಲಿ ಇದ್ರೂ ಹೇಳತ್ತೆ. ಹಾಗೆ ಮಾಡಿದ್ದು ನಾನೇ. ಬೆಳಿಗ್ಗೆನೂ ಗೊತ್ತಿತ್ತು. ಎಲ್ಲರ ಮುಂದೆ ತೋರಿಸ್ತೀನಿ, ಸಾಹುಕಾರನ್ನೂ ಕರೀರಿ."

ಚಾಕು ನಿಂತಿತು. ಅದರ ಅಲಗಿಗೆ ಅಂಟಿದ್ದ ಕಾಗದದ ಚೂರನ್ನು ದೆಸ್ಪಿನಾ ಬೆರಳಿನಿಂದ ಬಿಡಿಸಿ, ಗೋಡೆಯಲ್ಲಿ ಅದು ಇದ್ದ ಜಾಗಕ್ಕೇ ಒತ್ತಿ ಹಿಡಿದಳು. ಕೈ ತೆಗೆದರೆ ಅದು ಬೀಳುತ್ತಿತ್ತು.

"ಊರೆಲ್ಲ ಕಳ್ಳ ಅಂದಾಗ್ಲೂ ನಾನೊಬ್ಳು ಅಂದಿರ್ಲಿಲ್ಲ," ಎಂದಳು, ಅವನ ಕಡೆ ತಿರುಗದೆ. "ಇವತ್ತು ನನ್ನ ಬಾಯಲ್ಲೂ ಅನ್ನಿಸಿಬಿಟ್ರಲ್ಲ."