ರೂತ್ ಅಜ್ಜಿಯ ಅಭಿಮಾನಿಗಳು

ಫೋಟೊಕಾಪಿ ಯಂತ್ರದ ಮುಚ್ಚಳ ಎತ್ತಿದಾಗ ವರ್ನಾ ಸ್ಟಿಲ್‌ವೆಲ್‌ಗೆ ಸಿಕ್ಕಿದ್ದು ತನ್ನದೇ ಸಾವು. ಯಾರೋ ಪುಣ್ಯಾತ್ಮರು ಅಸಲು ಹಾಳೆಯನ್ನು ಗಾಜಿನ ಮೇಲೇ ಮರೆತು ಹೋಗಿದ್ದರು. ಧಾರಾವಾಹಿಯ ಈ ವರ್ಷದ ಕೊನೆಯ ಕಂತು, ಕೊನೆಯ ದೃಶ್ಯ. ಹಿಂದಿನ ಪುಟಗಳು ಅಲ್ಲಿರಲಿಲ್ಲ.

ಹಿತ್ತಲಿನ ಸೇಬಿನ ಮರದ ಕೆಳಗೆ ಹೊಸ ಸಮಾಧಿ. ಪಾದ್ರಿ, ಅವನ ಹೆಂಡತಿ, ಐದು ಮಕ್ಕಳು ಕೈ ಕೈ ಹಿಡಿದು ನಿಂತಿದ್ದಾರೆ. ಪಾದ್ರಿ ಕಣ್ಣೊರೆಸಿಕೊಂಡು ಹೇಳುತ್ತಾನೆ: "ಈ ಮನೆಯ ಮುದಿ ಜೀವ ಹೊರಟುಹೋಯಿತು. ಕಾಲು ಸೋತಿತ್ತು, ಕಿವಿ ಮಂದವಾಗಿತ್ತು. ಸರಿಯಾಗಿ ಪ್ರಾರ್ಥನೆಯ ಹೊತ್ತಿಗೇ ಗೊರಕೆ ಶುರುವಾಗುತ್ತಿತ್ತು. ಕದ್ದು ತಿಂದ ಬಿಸ್ಕತ್ತುಗಳಿಗೆ ಲೆಕ್ಕವಿಲ್ಲ. ಆದರೂ ನಮ್ಮೆಲ್ಲರಿಗಿಂತ ಹೆಚ್ಚು ಪ್ರೀತಿಸಲು ಬಲ್ಲ ಜೀವ ಅದು."

'ಕೃಪೆಯ ಮನೆ' ಧಾರಾವಾಹಿಯಲ್ಲಿ ಪ್ರಾರ್ಥನೆಗೆ ಕೂತು ಗೊರಕೆ ಹೊಡೆಯುವವಳು ರೂತ್ ಅಜ್ಜಿ. ಬಿಸ್ಕತ್ತು ಕದಿಯುವವಳೂ ಅವಳೇ. ಆರು ವರ್ಷದಿಂದ ರೂತ್ ಅಜ್ಜಿ ಎಂದರೆ ವರ್ನಾ. ಊಟದ ಮೇಜಿನ ತುದಿಯಲ್ಲಿ ಅವಳು, ಮೇಜಿನ ಕೆಳಗೆ ನಾಯಿ ಬೆಥನಿ. ಇಬ್ಬರಿಗೂ ವಾರಕ್ಕೆ ಹೆಚ್ಚುಕಮ್ಮಿ ಒಂದೇ ಅಳತೆಯ ಮಾತು.

ವರ್ನಾ ಹಾಳೆಯನ್ನು ಇದ್ದಲ್ಲೇ ಇಟ್ಟು, ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ದೇವರ ಚಿಂತೆ ಅವಳಿಗಿರಲಿಲ್ಲ; ಅವಳು ಕೊನೆಯ ಸಲ ಚರ್ಚಿನ ಮೆಟ್ಟಿಲು ಹತ್ತಿದ್ದು ಮೂರನೇ ಮದುವೆಗೆ. ಚಿಂತೆ ಇದ್ದದ್ದು ಮಂಡಿಗಳದ್ದು. ಚಳಿಗಾಲಕ್ಕೆ ಎರಡನ್ನೂ ಬದಲಾಯಿಸಬೇಕೆಂದು ವೈದ್ಯರು ದಿನ ಗೊತ್ತುಮಾಡಿದ್ದರು. ನಟರ ಸಂಘದ ಆರೋಗ್ಯ ವಿಮೆ ಸಿಗುವುದು ಕೆಲಸದಲ್ಲಿದ್ದವರಿಗೆ. ಪಾತ್ರ ಹೋದರೆ ವಿಮೆ ಇಲ್ಲ, ವಿಮೆ ಹೋದರೆ ಮಂಡಿ ಇಲ್ಲ. ಎಪ್ಪತ್ಮೂರರ ಕುಂಟು ಮುದುಕಿಯನ್ನು ಈ ಹಾಲಿವುಡ್‌ನಲ್ಲಿ ಇನ್ಯಾರು ಕರೆದಾರು?

ಗುರುವಾರ ಮಧ್ಯಾಹ್ನ ಇಸ್ಪೀಟಿಗೆ ಕೂತಾಗ ಗೆಳತಿ ಮೇವಿಸ್ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ಮೇವಿಸ್ ಒಂದು ಕಾಲದಲ್ಲಿ ಲಾಸ್ ವೇಗಸ್‌ನಲ್ಲಿ ಗರಿ ಕಟ್ಟಿಕೊಂಡು ಕುಣಿದವಳು. ಈಗ ನಿವೃತ್ತ ಕಲಾವಿದರ ವಸತಿಯಲ್ಲಿ ಸಿಗರೇಟು ಸೇದುತ್ತ ಎಲ್ಲರ ವ್ಯವಹಾರಕ್ಕೂ ತಲೆಹಾಕುತ್ತಿದ್ದಳು.

"ಹಿತ್ತಲಲ್ಲೇ ಹೂಳ್ತಾರೇನೇ ನಿನ್ನ?" ಎಂದಳು ಮೇವಿಸ್.

"ಸ್ಮಶಾನ ಬಾಡಿಗೆಗೆ ತಗೊಂಡ್ರೆ ಖರ್ಚಾಗುತ್ತಲ್ಲ. ಜಿಪುಣ ಮುಂಡೇವು," ಎಂದಳು ವರ್ನಾ.

ಉಪಾಯ ಹೊಳೆದದ್ದು ಮೇವಿಸ್‌ಗೆ. ವಾಹಿನಿಯವರು ಹಾಲಿವುಡ್‌ನವರ ಪತ್ರಗಳಿಗೆ ಕವಡೆಯ ಬೆಲೆಯನ್ನೂ ಕೊಡುವುದಿಲ್ಲ. ಕ್ಯಾನ್ಸಸ್‌ನಿಂದಲೋ ಒಕ್ಲಹೋಮಾದಿಂದಲೋ ಚರ್ಚಿಗೆ ಹೋಗುವ ಒಬ್ಬ ಹೆಂಗಸು ಕೈಯಾರೆ ಒಂದು ಕಾಗದ ಬರೆದರೆ ಮಾತ್ರ ಅವರ ಎದೆ ನಡುಗುತ್ತದೆ. ಅವಳ ಹಿಂದೆ ಸಾವಿರಾರು ವೀಕ್ಷಕರಿದ್ದಾರೆಂದು ಅವರ ನಂಬಿಕೆ. ಸರಿ, ಇಸ್ಪೀಟಿನ ಎಲೆ ಬದಿಗೆ ಹೋಯಿತು, ಬಣ್ಣಬಣ್ಣದ ಕಾಗದ ಬಂತು. ವಸತಿಯ ಏಳು ಮುದುಕಿಯರು ಎಡಗೈಯಲ್ಲಿ, ಬಲಗೈಯಲ್ಲಿ, ಓರೆಯಾಗಿ, ದುಂಡಗೆ ಬರೆದೇ ಬರೆದರು. ಕಾಗದಗಳು ಕಟ್ಟುಕಟ್ಟಾಗಿ ದೂರದ ಊರುಗಳ ನೆಂಟರಿಗೆ ಹೋಗಿ, ಅಲ್ಲಿನ ಅಂಚೆಮುದ್ರೆ ಹೊತ್ತು ವಾಹಿನಿಯ ಕಚೇರಿಗೆ ಬಂದವು. ಸಾವಿನ ಸುದ್ದಿ ಮಾತ್ರ ಎಲ್ಲೂ ಬರಕೂಡದೆಂದು ವರ್ನಾ ಕಟ್ಟಪ್ಪಣೆ ಮಾಡಿದ್ದಳು. ಬಂದರೆ ಹಾಳೆ ಕದ್ದು ಓದಿದ್ದು ಬಯಲಾಗುತ್ತಿತ್ತು. ಬರೀ ಪ್ರೀತಿ ಸಾಕು.

ಪ್ರೀತಿ ಹೊಳೆಯಾಗಿ ಹರಿಯಿತು. ನಾಲ್ಕು ಮಕ್ಕಳ ತಾಯಿಯೊಬ್ಬಳಿಗೆ ರೂತ್ ಅಜ್ಜಿ ಸತ್ತುಹೋದ ತನ್ನ ತಾಯಿಯಂತೆ ಕಂಡಳು. ರೂತ್ ಅಜ್ಜಿಯ ಮುಖ ನೋಡಿಯೇ ಕುಡಿತ ಬಿಟ್ಟೆನೆಂದು ಲಾರಿ ಚಾಲಕನೊಬ್ಬ ಕಣ್ಣೀರು ಸುರಿಸಿದ. ಆ ಲಾರಿ ಚಾಲಕ ಮೇವಿಸ್. ಬರೆಯುವಾಗ ಅವಳ ಮೂರನೇ ಲೋಟ ಜಿನ್ ನಡೆಯುತ್ತಿತ್ತು.

ಆರು ವಾರ ಕಳೆದವು. ನಿರ್ಮಾಪಕ ಡ್ವೈಟ್ ಕಾರ್ಮೈಕಲ್ ವರ್ನಾಳನ್ನು ಕೋಣೆಗೆ ಕರೆಸಿದ. ಎರಡು ವಿಚ್ಛೇದನ ಕಂಡ ಮನುಷ್ಯ. ಈ ಧಾರಾವಾಹಿ ಗೆದ್ದ ಮೇಲೆ ಎದುರು ಸಿಕ್ಕವರಿಗೆಲ್ಲ ದೇವರು ಒಳ್ಳೆಯದು ಮಾಡಲಿ ಎನ್ನುವ ಚಟ ಹತ್ತಿತ್ತು. ಸೋಫಾದ ಮೇಲೆ ಕೂರಲು ಜಾಗವಿರಲಿಲ್ಲ. ಅಲ್ಲೆಲ್ಲ ಕಾಗದಗಳ ಚೀಲಗಳು.

"ಪ್ರತಿಯೊಂದನ್ನೂ ನಾನೇ ಓದಿದೀನಿ. ಒಬ್ಬ ಲಾರಿಯವನಂತೂ ನನ್ನ ಕರುಳನ್ನೇ ಹಿಂಡಿಬಿಟ್ಟ. ಜನ ನಿಮ್ಮನ್ನ ಇಷ್ಟು ಹಚ್ಚಿಕೊಂಡಿದಾರೆ ಅಂತ ನಮಗೆ ಗೊತ್ತೇ ಇರಲಿಲ್ಲ, ವರ್ನಾ."

ವರ್ನಾ ರೂತ್ ಅಜ್ಜಿಯ ಹಾಗೆ ಕಣ್ಣು ತಗ್ಗಿಸಿದಳು. "ಎಲ್ಲಾ ದೇವರ ದಯೆ," ಎಂದಳು. ಆ ಕ್ಷಣಕ್ಕೆ ಅವಳಿಗೂ ಅದು ನಿಜವೆನಿಸಿತು.

"ಅದಕ್ಕೇ ಕೊನೇ ಕಂತನ್ನ ಬದಲಾಯಿಸಿದೀವಿ."

ಅವಳ ಕಣ್ಣಲ್ಲಿ ನೀರು ತುಂಬಿತು. ಈ ಸಲ ನಟನೆಯಲ್ಲ. ಹೊಸ ಮಂಡಿಗಳ ಮೇಲೆ ವಸತಿಯ ಮೆಟ್ಟಿಲನ್ನು ದಡದಡನೆ ಹತ್ತಿ ಮೇವಿಸ್‌ಳನ್ನು ಅಪ್ಪಿಕೊಳ್ಳುವುದು ಕಣ್ಣಿಗೆ ಕಟ್ಟಿತು. ನಿಮ್ಮ ಉಪಕಾರ ಮರೆಯೋಲ್ಲ ಎಂದು ತೊದಲಿದಳು. ಡ್ವೈಟ್ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡ.

"ಮೊದಲು ನಾಯಿ ಸಾಯೋದು ಅಂತಿತ್ತು ವರ್ನಾ, ಆದರೆ ಈ ಕಾಗದಗಳನ್ನ ಓದಿದ ಮೇಲೆ, ಇಡೀ ದೇಶವನ್ನ ಅಳಿಸೋ ತಾಕತ್ತು ಒಂದು ನಾಯಿಗೆಲ್ಲಿದೆ ಅನ್ನಿಸ್ತು."