ಮಫ್ಲರ್‌ನವರು

ದವಡೆಯ ಗಡ್ಡೆ ತೆಗೆಸಿಕೊಳ್ಳಲು ಯುವಕನೊಬ್ಬ ವಾರ್ಡಿನಲ್ಲಿದ್ದ. ಮರುದಿನವೇ ಆಪರೇಷನ್. ಒಳಗಿನ ಭಯ ಮುಚ್ಚಿಕೊಳ್ಳಲು ಬಂದುಹೋಗುವವರನ್ನೆಲ್ಲ ಕಾಡಿಸುತ್ತಿದ್ದ. ಅಷ್ಟರಲ್ಲಿ ಮುಖಕ್ಕೆ ಮಫ್ಲರ್ ಸುತ್ತಿದ ಹಿರಿಯರೊಬ್ಬರು ಒಳಗೆ ಬಂದರು.

“ಏನ್ ಬಾಸ್, ವಿಲನ್ ಎಂಟ್ರಿನಾ? ಮುಖ ತೋರ್ಸು, ಜನ ಸೀಟಿ ಹೊಡೀಲಿ!”

ವಾರ್ಡೆಲ್ಲ ನಕ್ಕಿತು. ಅವರು ಮಫ್ಲರ್ ಬಿಚ್ಚಿದರು. ಕೆಳದವಡೆಯ ಒಂದು ಪಕ್ಕವೇ ಇರಲಿಲ್ಲ. ನಗು ನಿಂತರೂ ಯುವಕನ ನಾಲಿಗೆ ನಿಲ್ಲಲಿಲ್ಲ.

“ಅಯ್ಯಪ್ಪಾ! ಈ ಮುಖ ಇಟ್ಕೊಂಡು ಹೆಂಗ್ ಗುರು ಬದುಕ್ತೀಯಾ?”

ಯಾರೂ ನಗಲಿಲ್ಲ. ಆಡಿದ ಮಾತು ತನಗೇ ಕೇಳಿಸಿ, ಅವನು ನಾಚಿಕೆಯಿಂದ ತಲೆ ತಗ್ಗಿಸಿದ.

“ಸಾರಿ ಸಾರ್...”

ಹಿರಿಯರು ಸ್ಟೂಲೆಳೆದು ಅವನ ಪಕ್ಕದಲ್ಲೇ ಕೂತರು.

“ಪರ್ವಾಗಿಲ್ಲ ಕಣಪ್ಪಾ. ನಾಳೆ ಗಡ್ಡೆ ಜೊತೆ ನಿನ್ನ ದವಡೆನೂ ತೆಗೆದ್ಮೇಲೆ ಹೆಂಗ್ ಬದುಕೋದು ಅಂತ ಹೇಳೋಕೇ ಡಾಕ್ಟ್ರು ನನ್ನ ಕರೆಸಿರೋದು.”