ಹೊಸ ಫೋನಿಗೆ ಬಾರದ ಹೆಸರು

ವೀರಬಸಮ್ಮನ ಫೋನಿನಲ್ಲಿ ಗಂಡನ ಹೆಸರು ಇರಲಿಲ್ಲ.

ಮಕ್ತಲ್ ಬಸ್ ನಿಲ್ದಾಣದ ಎದುರು, ಅಯ್ಯಣ್ಣನ ಮೊಬೈಲ್ ಅಂಗಡಿಯಲ್ಲಿ ನಿಂತು ಸಿದ್ದರಾಮೇಶ ಅದರಲ್ಲಿದ್ದ ಹೆಸರುಗಳನ್ನು ಮತ್ತೊಮ್ಮೆ ಓದಿದ. ಹೆಂಡತಿಯ ಹಳೆಯ ಫೋನಿನ ಗಾಜು ಒಡೆದಿತ್ತು, ಮಧ್ಯಾಹ್ನಕ್ಕೇ ಚಾರ್ಜು ಮುಗಿಯುತ್ತಿತ್ತು. ಅವಳಿಗೆ ಎಂಟು ತಿಂಗಳು ತುಂಬಿತ್ತು. ನೋವು ಬಂದ ಗಳಿಗೆಯಲ್ಲಿ ಫೋನು ಕೈಕೊಡಬಾರದೆಂದೇ ಹೊಸದನ್ನು ಕೊಂಡಿದ್ದ. ಅವನದು ಟ್ರಾಲಿ ಆಟೊ. ಅವಳು ಕರೆದರೆ ಎಲ್ಲಿದ್ದರೂ ಗಾಡಿ ತಿರುಗಿಸಿಕೊಂಡು ಬರಬೇಕು, ದವಾಖಾನೆಗೆ ಕರೆದೊಯ್ಯಬೇಕು. ಹಾಗೆಂದು ಮಾತಾಗಿತ್ತು.

ಅಯ್ಯಣ್ಣ ಎರಡೂ ಫೋನುಗಳನ್ನು ಪಕ್ಕಪಕ್ಕ ಇಟ್ಟು ಹಳೆಯದರಲ್ಲಿದ್ದುದನ್ನು ಹೊಸದಕ್ಕೆ ಕಳಿಸುತ್ತಿದ್ದ. ಫೋಟೊ ಹೋದವು. ಹಾಡು ಹೋದವು. ಹೆಸರುಗಳ ಸರದಿ ಬಂದಾಗ ಪ್ರತಿ ಹೆಸರಿನ ಮುಂದೆಯೂ ಒಂದು ಟಿಕ್ ಗುರುತು ಮೂಡಿತು. ಪಕ್ಕದ ಮನೆಯ ಝಾನ್ಸಿ, ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಪುಣೆಯಲ್ಲಿ ಗೌಂಡಿ ಕೆಲಸಕ್ಕಿದ್ದ ಅವಳ ತಮ್ಮ. ಆಮೇಲೆ ಕರಿಬಸಯ್ಯ.

"ಗಿರಣಿಯವನೂ ಅದಾನ, ಯಜಮಾನನ ಪತ್ತೆ ಇಲ್ಲಲ್ಲಪ್ಪ," ಎಂದು ಅಯ್ಯಣ್ಣ ನಕ್ಕ. "ಬಾಡಿಗಿ, ಬಾಡಿಗಿ ಅಂತ ತಿರುಗು. ಮನ್ಯಾಗ ನಿನ್ನ ಮರತೇ ಬಿಟ್ಟಾರ ನೋಡು."

ಸಿದ್ದರಾಮೇಶ ಬಂದ ಕರೆ, ಹೋದ ಕರೆಗಳನ್ನು ತೆರೆದ. ಮೇಲಿನಿಂದ ಕೆಳಗಿನವರೆಗೆ ಕರಿಬಸಯ್ಯ. ನಿನ್ನೆ ಮಧ್ಯಾಹ್ನ, ನಿನ್ನೆ ಸಂಜೆ, ಮೊನ್ನೆ. ತಾನು ಅವಳೊಂದಿಗೆ ದಿನವೂ ಮಾತಾಡಿದ್ದಕ್ಕೆ ಒಂದು ಗುರುತೂ ಇರಲಿಲ್ಲ. ತನ್ನ ಕರೆಗಳನ್ನೆಲ್ಲ ಅಳಿಸಿ, ಅವನ ಕರೆಗಳನ್ನು ಮಾತ್ರ ಇಟ್ಟುಕೊಂಡಿದ್ದಾಳೆ. ವೀರಬಸಮ್ಮನಿಗೆ ಅಕ್ಷರ ಬಾರದು. ಹೆಸರನ್ನು ಬಾಯಲ್ಲಿ ಹೇಳಿದರೆ ಫೋನು ತಾನೇ ಕರೆ ಹಚ್ಚುತ್ತದೆಂದು, ಅವಳನ್ನು ತೆಲುಗಿನಲ್ಲಿ ವದಿನಾ, ಅತ್ತಿಗೆ ಎಂದು ಕರೆಯುವ ಝಾನ್ಸಿ ಕಲಿಸಿದ್ದಳು, ಅಷ್ಟೇ. ಅಂಥವಳಿಗೆ ಅಳಿಸುವುದನ್ನು ಕಲಿಸಿದವರು ಯಾರು?

ಮದುವೆಗೆ ಮುಂಚೆ ಅವಳ ತವರು ಕೆ.ಟಿ. ದೊಡ್ಡಿಯಲ್ಲಿ ಒಂದು ಸಂಬಂಧ ಬಂದು ಮುರಿದಿತ್ತು. ಆ ಹುಡುಗನ ಹೆಸರನ್ನು ಸಿದ್ದರಾಮೇಶ ಕೇಳಿರಲಿಲ್ಲ. ಇನ್ನು ಕೇಳಬೇಕಾಗಿಲ್ಲ ಅನ್ನಿಸಿತು.

ಕರಿಬಸಯ್ಯನ ಮುಂದಿದ್ದ ಗುರುತನ್ನು ಬೆರಳಿನಿಂದ ಒತ್ತಿ ತೆಗೆದ. ಉಳಿದವರೆಲ್ಲ ಹೊಸ ಫೋನಿಗೆ ಹೋದರು. ಅದರಲ್ಲಿ ತನ್ನ ಹೆಸರನ್ನೂ ನಂಬರನ್ನೂ ತಾನೇ ಬರೆದ. ಅಯ್ಯಣ್ಣ ಸಿಮ್ ಬದಲಿಸಿ ಕೊಟ್ಟ. ಹಳೆಯ ಫೋನು ಸಿದ್ದರಾಮೇಶನ ಅಂಗಿಯ ಜೇಬು ಸೇರಿತು.

ಊರಿನಲ್ಲಿ ಹತ್ತಿ ಬಿಡಿಸುವ ಸುಗ್ಗಿ. ಓಣಿಯವರೆಲ್ಲ ಹೊಲದಲ್ಲಿದ್ದರು. ವೀರಬಸಮ್ಮ ಕೈ ಒರೆಸಿಕೊಂಡು ಹೊಸ ಫೋನನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು.

"ಎಲ್ಲಾ ಹೆಸರು ಬಂದಾವೇನ್ರಿ?"

"ಬೇಕಾದವು ಬಂದಾವ."

ಗಾಡಿಯತ್ತ ಹೊರಟವನು ತಿರುಗಿ ನಿಂತ. "ದಿನಾ ಅಷ್ಟೊತ್ತು ಯಾರ ಕೂಡ ಮಾತಾಡ್ತಿ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಣ್ಣು ನಗುತ್ತಿದ್ದವು. "ಗೊತ್ತಿದ್ದೂ ಕೇಳ್ತೀರಲ್ರಿ."

ಆ ನಗು ಅವನನ್ನು ಗದ್ವಾಲದವರೆಗೂ ಬಿಡಲಿಲ್ಲ. ಹೆರಿಗೆ ಆಗುವ ತನಕ ಮಕ್ತಲ್ ದಾಟಿ ಬಾಡಿಗೆ ಹೋಗುವುದಿಲ್ಲ ಎಂದಿದ್ದವನು, ಸಿಟ್ಟಿನಲ್ಲಿ ಗದ್ವಾಲದ ಮಿಲ್ಲಿಗೆ ಹತ್ತಿ ಹೇರಿಕೊಂಡು ಹೊರಟುಬಿಟ್ಟ. ಜೂರಾಲದ ಸೇತುವೆ ದಾಟುವಾಗ ಊಟದ ಹೊತ್ತು ಮೀರಿತ್ತು. ಊಟ ಆಯಿತೇ ಎಂದು ಅವಳು ದಿನವೂ ಕೇಳುವ ಹೊತ್ತು ಅದು. ಫೋನು ಸುಮ್ಮನಿತ್ತು. ತಾನೇ ಕರೆಯೋಣವೆಂದು ಒಮ್ಮೆ ಕೈ ಹೋಯಿತು. ಕರೆಯಲಿಲ್ಲ. ಕರಿಬಸಯ್ಯ ಸಿಗದೆ ಪರದಾಡುತ್ತಿರಬೇಕು. ಪರದಾಡಲಿ.

ಹೊತ್ತಿಳಿಯುವಾಗ, ಮಿಲ್ಲಿನ ಗೇಟಿನ ಮುಂದೆ ಸಾಲಿನಲ್ಲಿದ್ದಾಗ, ಝಾನ್ಸಿಯ ಕರೆ ಬಂತು. ವದಿನಾನನ್ನು ನಾರಾಯಣಪೇಟೆಯ ದವಾಖಾನೆಗೆ ಕರೆತಂದಿದ್ದೇವೆ, ಬೇಗ ಬಾ ಅಣ್ಣಾ ಎಂದಳು. ಅಷ್ಟಕ್ಕೇ ಕರೆ ಕಡಿದಳು.

ದವಾಖಾನೆಯ ಮುಂದೆ, ಊರು ಜಿಲ್ಲೆಯಾದ ಮೇಲೆ ಹಾಕಿದ ಹೊಸ ಬೋರ್ಡಿನ ಕೆಳಗೆ ಝಾನ್ಸಿ ಒಬ್ಬಳೇ ಕೂತಿದ್ದಳು. ಅವಳ ವೇಲಿನ ಅಂಚಿನಲ್ಲಿ ರಕ್ತ ಒಣಗಿತ್ತು. ಅವಳ ಮುಖ ನೋಡಿ ಸಿದ್ದರಾಮೇಶ ಅಲ್ಲೇ ನಿಂತುಬಿಟ್ಟ.

ಅವಳೇ ಹೇಳಿದಳು. ಕಾಲೇಜಿನಲ್ಲಿ ಪರೀಕ್ಷೆ ಇತ್ತು, ಫೋನನ್ನು ಹೊರಗೆ ಇಡಿಸಿದ್ದರು. ಬರೆದು ಬಂದು ನೋಡಿದರೆ ವದಿನಾ ಕರೆದದ್ದು ಕಾಣಿಸಿತು. ತಿರುಗಿ ಕರೆದರೆ ಎತ್ತಲಿಲ್ಲ, ಹೊಸ ಫೋನಿನಲ್ಲಿ ಎತ್ತುವುದು ತಿಳಿಯಲಿಲ್ಲವೇನೋ. ಮನೆಗೆ ಓಡಿದಳು. ವದಿನಾ ಗೋಡೆಗೆ ಒರಗಿ ಬಿದ್ದಿದ್ದಳು, ನೆಲವೆಲ್ಲ ರಕ್ತ. ಆಂಬುಲೆನ್ಸ್ ಬರುವಷ್ಟರಲ್ಲಿ ಮೈ ತಣ್ಣಗಾಗುತ್ತಿತ್ತು.

"ಫೋನ್ ಬಾಯಿಗೆ ಹಿಡಕೊಂಡು ಕರಿಬಸಯ್ಯ, ಕರಿಬಸಯ್ಯ ಅಂತ ಒಂದೇ ಸವನೆ ಕರಿತಿದ್ಲು, ಅಣ್ಣಾ. ಆ ಹೆಸರೇ ಇಲ್ಲ ಅಂತಿತ್ತು ಫೋನು."

"ಯಾರವ?" ಎಂದ ಸಿದ್ದರಾಮೇಶ. ಆಗಲೂ ಅವನ ದನಿಯಲ್ಲಿ ಸಿಟ್ಟಿತ್ತು.

ಝಾನ್ಸಿ ಅವನ ಮುಖವನ್ನೇ ನೋಡಿದಳು.

"ಯಾರಂದ್ರ? ವದಿನಾ ಗಂಡನ ಹೆಸರು ಬಾಯಿಂದ ಅಂತಾಳೇನು? ಹೆಸರು ಹೇಳದಿದ್ರ ಫೋನ್ ಹತ್ತಂಗಿಲ್ಲ. ಮತ್ತ ಏನಂತ ಬರೀಲಿ ಅಂತ ಕೇಳಿದೆ. ತವರುಮನಿ ಎತ್ತಿನ ಹೆಸರು ಬರಿ ಅಂತ ನಕ್ಳು. ಕರದ್ರ ಎಲ್ಲಿದ್ರೂ ಓಡಿ ಬರ್ತಿತ್ತಂತ ಅದು."

ಸಿದ್ದರಾಮೇಶ ಜೇಬಿನಿಂದ ಹಳೆಯ ಫೋನನ್ನು ತೆಗೆದ. ಒಡೆದ ಗಾಜಿನ ಮೇಲೆ ಕರಿಬಸಯ್ಯನ ಹೆಸರನ್ನು ಒತ್ತಿದ. ಅದರ ಕೆಳಗಿದ್ದದ್ದು ಅವನದೇ ನಂಬರು.

ಹೋದ ಹೆಸರು ಒಂದು. ಹೋದ ಜೀವ ಎರಡು, ಅದರಲ್ಲೊಂದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ.